ಬದನೆ ಕ್ರಾಸಿಂಗ್: ಎರಡನೇ ತಲೆಮಾರು ಕಾಯಿ ಕಚ್ಚಿದೆ

ಕಳೆದ ಅಪ್‌ಡೇಟ್ ಹಾಕಿ ಐದು ತಿಂಗಳಾಯಿತು. ಉಡುಪಿ ಕಡೆಯ ದುಂಡು ಹಸಿರು ಬದನೆ ಮಟ್ಟುಗುಳ್ಳ ಮತ್ತು ನಮ್ಮ ಮಂಡ್ಯ ಸಂತೆಯಲ್ಲಿ ಸಿಗುವ ಉದ್ದ ನೇರಳೆ ಬದನೆ, ಇವೆರಡನ್ನು ಕೂಡಿಸಿದ ಗಿಡಗಳ ಎರಡನೇ ತಲೆಮಾರು ಈಗ ಕಾಯಿ ಬಿಡುತ್ತಿದೆ. 36 ಸಸಿ ಚೀಲಕ್ಕೆ ಇಟ್ಟಿದ್ದೆ. ಐದು ಸೊರಗಿ ಸತ್ತವು. ಉಳಿದ 31ರಲ್ಲೂ ಒಂದೊಂದಾದರೂ ಕಾಯಿ ನೋಡಿದ್ದೇನೆ, ಅದೇ ದೊಡ್ಡ ಖುಷಿ.

ಹೊಸದಾಗಿ ಓದುವವರಿಗೆ: ನನಗೆ ಬೇಕಿರುವುದು ಗುಳ್ಳದ ತೆಳು ಸಿಪ್ಪೆ, ಬಾಯಲ್ಲಿ ಕರಗುವ ತಿರುಳು. ಉಡುಪಿ ಕಡೆಯ ಬೀಜ ತಂದು ಇಲ್ಲಿ ಹಾಕಿದರೆ ಗಿಡ ಚೆನ್ನಾಗೇ ಬರುತ್ತದೆ, ಆದರೆ ಹೂವನ್ನೆಲ್ಲ ಉದುರಿಸುತ್ತದೆ. ಸಂತೆ ಬದನೆ ಮಾತ್ರ ಎಂಥ ಬಿಸಿಲಿಗೂ ಕಾಯಿ ಕಚ್ಚುತ್ತದೆ. ಇವೆರಡರ ಗುಣ ಒಂದೇ ಗಿಡದಲ್ಲಿ ಸಿಕ್ಕರೆ ಎಷ್ಟು ಚೆಂದ ಅಲ್ವಾ, ಅಲ್ಲಿಂದ ಶುರುವಾದದ್ದು ಇದು.

ಶುರು ಮಾಡಿದಾಗ ನನ್ನ ತಲೆ ತುಂಬ ಲೂಥರ್ ಬರ್ಬ್ಯಾಂಕ್ ಇದ್ದ. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಕೂತು 800ರಷ್ಟು ಹೊಸ ತಳಿ ಕೊಟ್ಟವನು. ಆಲೂಗಡ್ಡೆ ಗಿಡದಲ್ಲಿ ಅಪರೂಪಕ್ಕೆ ಬಿಟ್ಟ ಒಂದೇ ಒಂದು ಕಾಯಿಯೊಳಗಿನ 23 ಬೀಜ ಬಿತ್ತಿ, ಅದರಲ್ಲಿ ಒಂದನ್ನು ಆರಿಸಿದ. ಇವತ್ತು ಫ್ರೆಂಚ್ ಫ್ರೈಸ್‌ಗೆ ಹೋಗುವ ರಸೆಟ್ ಬರ್ಬ್ಯಾಂಕ್ ಆ ಗಿಡದ ವಂಶದ್ದೇ. ಅವನ ಕೆಲಸದ ರೀತಿ ಏನಂದರೆ, ಸಾವಿರಗಟ್ಟಲೆ ಸಸಿ ಎಬ್ಬಿಸುವುದು, ಸಾಲಿನ ನಡುವೆ ನಡೆಯುತ್ತಾ ಎಲೆ ನೋಡಿ, ಕಾಯಿ ಕಚ್ಚಿ, ಇದು ಇರಲಿ ಅದು ಬೇಡ ಅಂತ ಅಲ್ಲೇ ತೀರ್ಮಾನ ಮಾಡುವುದು, ಬೇಡವಾದದ್ದನ್ನೆಲ್ಲ ಕಿತ್ತು ರಾಶಿ ಹಾಕಿ ಸುಡುವುದು. ಪ್ಲಮ್ ಸಸಿ ದೊಡ್ಡದಾಗಿ ಹಣ್ಣು ಬಿಡುವವರೆಗೆ ಕಾಯುತ್ತಿರಲಿಲ್ಲ. ಬೆಳೆದ ಒಂದೇ ಮರಕ್ಕೆ ನೂರಾರು ಸಸಿಗಳ ಕಡ್ಡಿ ಕಸಿ ಮಾಡಿ ಬೇಗ ಹಣ್ಣು ನೋಡುತ್ತಿದ್ದ. ಓದುತ್ತಾ ನಾನು ಪೂರ್ತಿ ಮರುಳಾಗಿಬಿಟ್ಟಿದ್ದೆ.

1905ರಲ್ಲಿ ಕಾರ್ನೆಗಿ ಸಂಸ್ಥೆ ಅವನಿಗೆ ವರ್ಷಕ್ಕೆ 10,000 ಡಾಲರ್ ಕೊಡಲು ಒಪ್ಪಿತು. ಆಗಿನ ಕಾಲಕ್ಕೆ ಅದು ಬಹಳ ದೊಡ್ಡ ದುಡ್ಡು. ಅವನ ವಿಧಾನವನ್ನು ಕೂತು ಬರೆದುಕೊಳ್ಳಲಿ ಅಂತ ಜಾರ್ಜ್ ಶಲ್ ಎಂಬ ಯುವ ಸಸ್ಯ ವಿಜ್ಞಾನಿಯನ್ನೂ ಕಳಿಸಿದರು. ಶಲ್ ಪದೇ ಪದೇ ಅಲ್ಲಿಗೆ ಹೋದ. ಯಾವ ಗಿಡಕ್ಕೆ ಯಾವುದು ತಾಯಿ, ಯಾವುದು ತಂದೆ, ಎಷ್ಟು ಬಿತ್ತಿದಿರಿ, ಎಷ್ಟು ಬಿಸಾಕಿದಿರಿ, ಇದು ಅವನಿಗೆ ಬೇಕಿತ್ತು. ಅದಕ್ಕೆಲ್ಲ ಸರಿಯಾದ ಬರಹವೇ ಅಲ್ಲಿರಲಿಲ್ಲ. ಇಬ್ಬರಿಗೂ ಹೊಂದಲಿಲ್ಲ, ಕೆಲವೇ ವರ್ಷಕ್ಕೆ ದುಡ್ಡೂ ನಿಂತಿತು, ಶಲ್ ಬರೆಯಬೇಕಿದ್ದ ವರದಿ ಹೊರಗೆ ಬರಲೇ ಇಲ್ಲ.

ಅದೇ ಹೊತ್ತಿಗೆ ನ್ಯೂಯಾರ್ಕ್ ಹತ್ತಿರದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಶಲ್ ತನ್ನದೇ ಸಣ್ಣ ಜಾಗದಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದ. ಅವನು ಹುಡುಕುತ್ತಿದ್ದದ್ದು ಬಹಳ ಸಣ್ಣ ವಿಷಯ: ತೆನೆಯಲ್ಲಿ ಕಾಳಿನ ಸಾಲು ಎಷ್ಟು, ಅದು ಮುಂದಿನ ತಲೆಮಾರಿಗೆ ಹೇಗೆ ಹೋಗುತ್ತದೆ. ಅದಕ್ಕಾಗಿ ಗಿಡದ ಪರಾಗವನ್ನು ಅದೇ ಗಿಡಕ್ಕೆ ಹಾಕುತ್ತಾ, ತೆನೆ ತೆನೆ ಹಿಡಿದು ಸಾಲು ಎಣಿಸುತ್ತಾ ಹೋದ. ಗಿಡಗಳು ವರ್ಷ ವರ್ಷ ಕುಗ್ಗಿದವು. ಹಾಗೆ ಕುಗ್ಗಿದ ಎರಡು ಬೇರೆ ವಂಶದ ಗಿಡಗಳನ್ನು ಕೂಡಿಸಿದಾಗ ಬಂದ ಗಿಡ ದಷ್ಟಪುಷ್ಟವಾಗಿ ಎದ್ದು ನಿಂತಿತು. 1908ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಹೈಬ್ರಿಡ್ ಜೋಳದ ಕತೆ ಅಲ್ಲಿಂದಲೇ ಹೊರಡುತ್ತದೆ. ಅವನು ಹುಡುಕಿದ್ದು ಒಂದು, ಲೆಕ್ಕದ ಪುಸ್ತಕ ಕೊಟ್ಟದ್ದು ಇನ್ನೊಂದು. ಇದನ್ನು ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇನೆ ಅಂದರೆ, ನನ್ನ ಹಿತ್ತಲಲ್ಲೂ ಅದೇ ಆಯಿತು.

ಮೊದಲ ಕ್ರಾಸ್ ಮಾಡುವಾಗ ಗುಳ್ಳವನ್ನೇ ತಾಯಿ ಮಾಡಿದ್ದೆ. ನೇರಳೆ ಗಿಡದಿಂದ ಪರಾಗ ಬಂದರೆ ಮುಂದಿನ ಸಸಿಯ ಕಾಂಡ ನೇರಳೆ ಬರುತ್ತದೆ, ಹಸಿರೇ ಬಂದರೆ ಗುಳ್ಳದ ಸ್ವಂತ ಪರಾಗ ಒಳಗೆ ಹೊಕ್ಕಿದೆ ಅಂತ ಗೊತ್ತಾಗುತ್ತದೆ, ಅದಕ್ಕೆ. ಸಂಜೆ ಹೊತ್ತು ನಾಳೆ ಅರಳುವ ಮೊಗ್ಗು ನೋಡಿ ಎಸಳು ಬಿಡಿಸಬೇಕು. ಒಳಗೆ ಹಳದಿ ಕೇಸರಗಳು ಕೋನ್ ಥರ ಸುತ್ತ ನಿಂತಿರುತ್ತವೆ, ಚಿಮಟದಲ್ಲಿ ಒಂದೊಂದೇ ಕೀಳಬೇಕು. ನಡುವಿನ ಹೆಣ್ಣು ಕಡ್ಡಿಗೆ, ಅಂದರೆ ಶಲಾಕೆಗೆ, ತಾಗಬಾರದು. ಮೇಲೆ ಬಟರ್ ಪೇಪರ್ ಟೊಪ್ಪಿ. ಬೆಳಿಗ್ಗೆ ನೇರಳೆ ಗಿಡದ ಹೂವನ್ನು ಹೆಬ್ಬೆರಳ ಉಗುರಿನ ಮೇಲೆ ತಟ್ಟಿದರೆ ಕೇಸರದ ತುದಿಯ ತೂತಿನಿಂದ ನುಣ್ಣನೆ ಹಿಟ್ಟಿನಂಥ ಪರಾಗ ಬೀಳುತ್ತದೆ. ಉಗುರನ್ನೇ ಶಲಾಕೆಯ ತುದಿಗೆ ಮುಟ್ಟಿಸುವುದು.

21 ಹೂವಿಗೆ ಹೀಗೆ ಮಾಡಿದೆ. ಕಾಯಿ ನಿಂತದ್ದು ಆರು. ಅದರಲ್ಲಿ ಎರಡರ ಲೇಬಲ್ ಮಳೆಗೆ ತೊಳೆದುಹೋಯಿತು, ಯಾವುದೆಂದು ಗೊತ್ತಾಗದೆ ಬಿಸಾಕಿದೆ. ಕಣ್ಣೀರು ಬರುವುದೊಂದು ಬಾಕಿ. ಅವತ್ತಿನಿಂದ ಅಲ್ಯೂಮಿನಿಯಂ ಪಟ್ಟಿ ಮೇಲೆ ಮೊಳೆಯಲ್ಲಿ ಗೀಚಿ ನಂಬರ್ ಹಾಕುತ್ತೇನೆ, ದಿನಾ ಪುಸ್ತಕದಲ್ಲಿ ಬರೆಯುತ್ತೇನೆ.

ಆ ಪುಸ್ತಕದಲ್ಲಿ ಸುಮ್ನೆ ಒಂದು ಕಾಲಂ ಇತ್ತು: ಶಲಾಕೆ ಉದ್ದವೋ, ಮಧ್ಯಮವೋ, ಗಿಡ್ಡವೋ. ಬದನೆಯ ಒಂದೇ ಗಿಡದಲ್ಲಿ ಎಲ್ಲ ಥರದ ಹೂವೂ ಬರುತ್ತವೆ. ಕೆಲವಲ್ಲಿ ಶಲಾಕೆ ಕೇಸರದ ಕೋನ್ ದಾಟಿ ಹೊರಗೆ ಇಣುಕುತ್ತದೆ, ಕೆಲವಲ್ಲಿ ಒಳಗೇ ಮುದುಡಿರುತ್ತದೆ. ತಿಂಗಳುಗಳ ನಂತರ ಕೂಡಿಸಿ ನೋಡಿದರೆ, ಉದ್ದ ಶಲಾಕೆಯ ಒಂಬತ್ತು ಹೂವಲ್ಲಿ ಐದು ಕಾಯಿ, ಮಧ್ಯಮ ಐದರಲ್ಲಿ ಒಂದು, ಗಿಡ್ಡ ಏಳರಲ್ಲಿ ಒಂದೂ ಇಲ್ಲ. ಹಾಗೇ ಗುಳ್ಳದ ಗಿಡದಲ್ಲಿ ಉದುರಿದ ಹೂವು ಆರಿಸಿ ನೋಡಿದೆ. ಹೆಚ್ಚಿನವು ಗಿಡ್ಡ ಶಲಾಕೆಯವೇ! ಕಡಿಮೆ ನೀರು, ಬಿಸಿಲು, ಗೊಬ್ಬರ ಅಂತ ನಾನು ಏನೇನೋ ಅಂದುಕೊಂಡಿದ್ದೆ. ಪುಸ್ತಕ ಇಲ್ಲದಿದ್ದರೆ ಇನ್ನೂ ಗೊಬ್ಬರ ಬದಲಿಸುತ್ತಲೇ ಇರುತ್ತಿದ್ದೆ.

ಈಗ ಎರಡನೇ ತಲೆಮಾರಿನ ಲೆಕ್ಕ. 31ರಲ್ಲಿ 22 ನೇರಳೆ ಛಾಯೆ, 9 ಹಸಿರು. ಗುಣಗಳು ತಲೆಮಾರಿಗೆ ಹೇಗೆ ಇಳಿಯುತ್ತವೆ ಅಂತ ಮೊದಲು ಲೆಕ್ಕ ಹಿಡಿದ ಮೆಂಡೆಲ್, ಬಟಾಣಿಯ ಎರಡನೇ ತಲೆಮಾರಿನಲ್ಲಿ 5,474 ದುಂಡು ಕಾಳು, 1,850 ಸುಕ್ಕು ಕಾಳು ಎಣಿಸಿದ್ದ, ಹೆಚ್ಚುಕಡಿಮೆ ಮೂರಕ್ಕೆ ಒಂದು. ನನ್ನ 31 ಗಿಡದಿಂದ ಅಂಥ ಮಾತು ಹೇಳುವ ಹಾಗಿಲ್ಲ. ಅದೂ ಅಲ್ಲದೆ ನೇರಳೆಯಲ್ಲೇ ಕಡುನೇರಳೆ, ಗೆರೆ ನೇರಳೆ, ತೊಟ್ಟಿನ ಹತ್ತಿರ ಮಾತ್ರ ಬಣ್ಣ, ಹೀಗೆ ನಾಲ್ಕೈದು ಥರ ಇವೆ.

ಪೇಚು ಇರುವುದು ಇಲ್ಲಿ. 7ನೇ ಗಿಡ ನೋಡಿದರೆ ಬರ್ಬ್ಯಾಂಕ್ ಒಂದು ಗಳಿಗೆಯೂ ಯೋಚಿಸುತ್ತಿರಲಿಲ್ಲ. ದುಂಡು ಕಾಯಿ, ತಿಳಿಹಸಿರ ಮೇಲೆ ನೇರಳೆ ಗೆರೆ, ತೊಟ್ಟಲ್ಲಿ ಮುಳ್ಳೇ ಇಲ್ಲ. ಅಮ್ಮ ಗೊಜ್ಜು ಮಾಡಿದಾಗ ತಿರುಳು ಕರಗಿಹೋಯಿತು, ಕಹಿ ಒಂಚೂರೂ ಇಲ್ಲ. ಆದರೆ ಹತ್ತು ಹೂವಿಗೆ ಮೂರೇ ಉದ್ದ ಶಲಾಕೆ. 19ನೇ ಗಿಡದಲ್ಲಿ ಹತ್ತಕ್ಕೆ ಏಳು, ಗೊಂಚಲಾಗಿ ಕಾಯಿ. ರುಚಿ ಸಾಧಾರಣ, ಬೀಜ ಜಾಸ್ತಿ. ನನ್ನ ಕಣ್ಣು ಮತ್ತು ನಾಲಿಗೆ 7 ಅನ್ನುತ್ತವೆ, ಪುಸ್ತಕ 19 ಅನ್ನುತ್ತದೆ.

ಎಕರೆಗಟ್ಟಲೆ ಜಾಗ ಇದ್ದವನು ಸಾವಿರ ಗಿಡ ಹಾಕಿ ಎರಡೂ ಗುಣ ಇರುವ ಒಂದನ್ನು ಕಣ್ಣಲ್ಲೇ ಹುಡುಕಬಹುದು. ಬರ್ಬ್ಯಾಂಕ್‌ನ ಧೈರ್ಯದ ಹಿಂದೆ ಅಷ್ಟು ಗಿಡ ಇದ್ದವು. ನನ್ನ ಹತ್ತಿರ ಇರುವುದು 40 ಚೀಲದ ಜಾಗ. ಒಂದು ಗಿಡ ಕಿತ್ತರೂ ಅದು ದೊಡ್ಡ ನಷ್ಟ, ಅದಕ್ಕೇ ಯಾಕೆ ಕಿತ್ತೆ ಅಂತಲೂ ಬರೆದಿಡುತ್ತಿದ್ದೇನೆ.

ಈ ವಿಷಯದಲ್ಲಿ ನನಗೆ ಇಲ್ಲಿಯದೇ ಒಂದು ಹೆಸರು ನೆನಪಾಗುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ, ಎರಡೂ ಸೇರಿ ಇಂಡಾಫ್. ರಾಗಿ ಹೂವು ಎಷ್ಟು ಸಣ್ಣ ಅಂತ ತೆನೆ ಕೈಯಲ್ಲಿ ಹಿಡಿದು ನೋಡಿದವರಿಗೇ ಗೊತ್ತು. ಅಲ್ಲಿ ಚಿಮಟದ ಆಟ ನಡೆಯುವುದಿಲ್ಲ. ಎರಡು ತೆನೆ ಒಟ್ಟಿಗೆ ಕಟ್ಟಿ ಬಿಡುವುದು, ಇಲ್ಲವೇ ತೆನೆಯನ್ನು ಹದವಾದ ಬಿಸಿನೀರಲ್ಲಿ ಅದ್ದಿ ಪರಾಗ ಸಾಯಿಸುವುದು, ರಾಗಿ ಕ್ರಾಸಿಂಗ್‌ನಲ್ಲಿ ಇಂಥ ಉಪಾಯಗಳಿವೆ. ಹಾಗೆ ಕೂಡಿಸಿದ ಮೇಲೂ ಯಾವ ಗಿಡ ನಿಜವಾಗಿ ಕ್ರಾಸ್ ಆಗಿದೆ ಅಂತ ಸಾವಿರ ತೆನೆ ನಡುವೆ ಕಂಡುಹಿಡಿಯಬೇಕು. ಅಲ್ಲಿ ಕಣ್ಣೂ ಬೇಕು, ಪುಸ್ತಕವೂ ಬೇಕು. ಆ ಫಾರಂ ಪಕ್ಕ ಬಸ್ಸಲ್ಲಿ ಹೋಗುವಾಗಲೆಲ್ಲ ಕಿಟಕಿಯಿಂದ ನೋಡುತ್ತೇನೆ.

ಸದ್ಯಕ್ಕೆ ಮಾಡಿದ್ದು ಇಷ್ಟು. 7 ಮತ್ತು 19, ಎರಡರಲ್ಲೂ ಹೂವಿಗೆ ಟೊಪ್ಪಿ ಹಾಕಿ ಸ್ವಂತ ಪರಾಗದ ಕಾಯಿ ಹಳದಿಯಾಗಲು ಬಿಟ್ಟಿದ್ದೇನೆ. 7 ಸೊರಗಿ ಕೈಕೊಟ್ಟರೆ ಅಂತ ಭಯ, ಅದರ ನಾಲ್ಕು ಕಡ್ಡಿ ಕಾಡುಸುಂಡೆ ಗಿಡಕ್ಕೆ ಕಸಿ ಮಾಡಿದೆ, ಎರಡು ಹತ್ತಿಕೊಂಡಿವೆ. ಇದು ಬರ್ಬ್ಯಾಂಕ್ ಕಲಿಸಿದ್ದು. ನಿನ್ನೆ ಸಂಜೆ 7ರಲ್ಲಿ ಮೂರು ಮೊಗ್ಗಿನ ಕೇಸರ ಕಿತ್ತೆ. ಮೂರೂ ಉದ್ದ ಶಲಾಕೆಯವೇ, ಪುಸ್ತಕದಲ್ಲಿ ಬರೆದಾಯಿತು. ಈಗ ಬೆಳಿಗ್ಗೆ ಏಳೂವರೆ, 19ರಲ್ಲಿ ಹೂವು ಅರಳಿದೆ, ಪರಾಗ ತರಲು ಹೊರಟೆ.