ಟೇಬಲ್ ಲೈಬ್ರರಿ: ಡಾಟ್ ಒತ್ತಿದರೆ ಈಗ ಸರಿಯಾದ ಪಟ್ಟಿ

ಟೈಪ್‌ಸ್ಕ್ರಿಪ್ಟ್‌ನಲ್ಲಿ (ಟೈಪ್‌ಗಳಿರುವ ಜಾವಾಸ್ಕ್ರಿಪ್ಟ್) ಬರೆದ, ಸಾಲು-ಕಾಲಮ್‌ಗಳ ಟೇಬಲ್ ತೋರಿಸುವ ನನ್ನ ಪುಟ್ಟ ಲೈಬ್ರರಿಗೆ ಈ ವಾರ ಹೊಸ ಫೀಚರ್ ಏನೂ ಸೇರಿಲ್ಲ. ಗಮನವೆಲ್ಲ ಕೋಡ್ ಬರೆಯುವಾಗ ಎಡಿಟರ್ ತೋರಿಸುವ ಸಜೆಶನ್ ಮೇಲೆ. ಲೈಬ್ರರಿ ಬಳಸುವವರು ಡಾಕ್ಯುಮೆಂಟೇಶನ್ ಓದುವುದು ಕಡಿಮೆ. ಒಂದು ಕೋಟ್ ಹಾಕಿ, ಏನು ಬರುತ್ತೆ ಅಂತ ನೋಡುತ್ತಾರೆ, ಅಷ್ಟೇ.

ಪರೀಕ್ಷೆಗೆ ಇಟ್ಟುಕೊಂಡದ್ದು 'ಬುಕ್' ಅನ್ನುವ ಟೈಪ್. ಅದರಲ್ಲಿ ಎರಡು ಕೀ (ಫೀಲ್ಡ್ ಹೆಸರು): ಟೈಟಲ್ ಸ್ಟ್ರಿಂಗ್ (ಪಠ್ಯ), ಪ್ರೈಸ್ ನಂಬರ್. ಕಾಲಮ್ ಮಾಡುವ ಫಂಕ್ಷನ್‌ಗೆ ಎರಡು ಟೈಪ್ ಪ್ಯಾರಾಮೀಟರ್ (ಕರೆಯುವಾಗ ಟೈಪ್ ತುಂಬುವ ಜಾಗ): ಸಾಲಿನ ಟೈಪ್ 'ಟಿ', ಅದರ ಕೀಗಳಲ್ಲಿ ಒಂದಾದ 'ಕೆ'. ಕೀ ಕೊಟ್ಟ ಮೇಲೆ, ಸೆಲ್ ಹೇಗೆ ಕಾಣಬೇಕು ಅನ್ನುವುದಕ್ಕೆ ಒಂದು ಕಾಲ್‌ಬ್ಯಾಕ್, ಅಂದರೆ ಲೈಬ್ರರಿ ಆಮೇಲೆ ಕರೆಯುವ ಫಂಕ್ಷನ್.

ಗಂಟು ಇರುವುದು ಇಲ್ಲೇ. ಟಿ ಏನೆಂದು ತಿಳಿಸುವ ಆರ್ಗ್ಯುಮೆಂಟ್ ಯಾವುದೂ ಇಲ್ಲ, ಹಾಗಾಗಿ ಅದನ್ನು ಕೈಯಾರೆ ಬರೆಯಲೇಬೇಕು. ಒಂದನ್ನು ಬರೆದರೆ ಇನ್ನೊಂದನ್ನು ಟೈಪ್‌ಸ್ಕ್ರಿಪ್ಟ್ ತಾನಾಗಿ ಊಹಿಸುವುದಿಲ್ಲ. ಎರಡೂ ಕೊಡು ಅನ್ನುತ್ತದೆ. ಕೆಗೆ ಡೀಫಾಲ್ಟ್ ಕೊಟ್ಟು ಬಾಯಿ ಮುಚ್ಚಿಸಬಹುದು, ಆದರೆ ಆಗ ಕೆ ಅಂದರೆ ಎಲ್ಲ ಕೀಗಳೂ. 'ಪ್ರೈಸ್' ಅಂತ ಬರೆದರೂ ಕಾಲ್‌ಬ್ಯಾಕ್‌ಗೆ ಸಿಗುವುದು 'ಸ್ಟ್ರಿಂಗ್ ಅಥವಾ ನಂಬರ್'. ಡಾಟ್ ಒತ್ತಿದರೆ ಪಟ್ಟಿಯಲ್ಲಿ ಮೂರೇ ಮೂರು: ಟುಸ್ಟ್ರಿಂಗ್, ಟುಲೊಕೇಲ್‌ಸ್ಟ್ರಿಂಗ್, ವ್ಯಾಲ್ಯೂಆಫ್. ಎರಡರಲ್ಲೂ ಇರುವ ಮೆಥಡ್‌ಗಳು ಅಷ್ಟೇ ಅಲ್ವಾ? ನಂಬರ್‌ನ ದಶಮಾಂಶ ಸ್ಥಾನ ನಿಗದಿ ಮಾಡುವ ಟುಫಿಕ್ಸ್ಡ್ ಹುಡುಕುತ್ತಿರುವವರಿಗೆ ಎಡಿಟರೇ ಕೆಟ್ಟಿದೆ ಅನ್ನಿಸುತ್ತದೆ. ಪಾಪ, ಸುಮ್ನೆ ಟಿಎಸ್ ಸರ್ವರ್ (ಎಡಿಟರ್‌ಗೆ ಸಜೆಶನ್ ಕೊಡುವ ಟೈಪ್‌ಸ್ಕ್ರಿಪ್ಟ್ ಪ್ರೋಗ್ರಾಂ) ರೀಸ್ಟಾರ್ಟ್ ಮಾಡುತ್ತಾ ಕೂರುತ್ತಾರೆ.

ಫಂಕ್ಷನ್ ಅನ್ನು ಎರಡಾಗಿ ಒಡೆದೆ. ಮೊದಲ ಕರೆಯಲ್ಲಿ 'ಬುಕ್' ಅಂತ ಟೈಪ್ ಮಾತ್ರ, ಮುಂದೆ ಖಾಲಿ ಬ್ರ್ಯಾಕೆಟ್. ಅದರಿಂದ ಸಿಗುವ ಎರಡನೇ ಫಂಕ್ಷನ್‌ಗೆ ಕೀ ಮತ್ತು ಕಾಲ್‌ಬ್ಯಾಕ್. ಕೆ ಏನು ಅಂತ ಅಲ್ಲಿ ಕೀ ನೋಡಿಯೇ ಗೊತ್ತಾಗುತ್ತದೆ. ಈಗ ಕೋಟ್ ತೆರೆದ ಕೂಡಲೇ ಕೀಗಳೆಲ್ಲ ಹಾಜರ್. ಪ್ರೈಸ್ ಆರಿಸಿ ಕಾಲ್‌ಬ್ಯಾಕ್‌ನಲ್ಲಿ ಡಾಟ್ ಒತ್ತಿದರೆ ಟುಫಿಕ್ಸ್ಡ್, ಟೈಟಲ್ ಆದರೆ ಟುಅಪ್ಪರ್‌ಕೇಸ್. ಆ ಖಾಲಿ ಬ್ರ್ಯಾಕೆಟ್ ನೋಡಲು ಚೆನ್ನಾಗಿಲ್ಲ, ನಿಜ. ಆದರೂ ಇರಲಿ, ಲಾಭವೇ ಜಾಸ್ತಿ.

ಕಾಲಮ್ ಹೆಸರುಗಳನ್ನೂ ಮೊದಲು ಯಾವುದರ ಮೇಲೆ ಸಾರ್ಟ್ ಆಗಬೇಕು ಅನ್ನುವುದನ್ನೂ ತೆಗೆದುಕೊಳ್ಳುವ ಇನ್ನೊಂದು ಫಂಕ್ಷನ್ ಇದೆ. ಅಲ್ಲಿ ಸಾರ್ಟ್ ಹೆಸರಿನ ಸ್ಪೆಲಿಂಗ್ ತಪ್ಪಿದರೂ ಕಂಪೈಲರ್ ಅದನ್ನೂ ಒಂದು ಹೆಸರೆಂದು ಒಳಗೆ ಸೇರಿಸಿಕೊಳ್ಳುತ್ತಿತ್ತು. 2024ರ ಮಾರ್ಚ್‌ನಲ್ಲಿ ಬಂದ ಟೈಪ್‌ಸ್ಕ್ರಿಪ್ಟ್ 5.4ರ 'ನೋಇನ್‌ಫರ್' (ಈ ಜಾಗ ನೋಡಿ ಟೈಪ್ ಊಹಿಸಬೇಡ ಅನ್ನುವ ಗುರುತು) ಇದಕ್ಕೇ ಹೇಳಿ ಮಾಡಿಸಿದ ಹಾಗಿದೆ. ಸಾರ್ಟ್ ಹೆಸರಿಗೆ ಅದನ್ನು ಸುತ್ತಿದೆ, ಈಗ ಕೆಂಪು ಗೆರೆ ಸರಿಯಾದ ಜಾಗದಲ್ಲೇ ಬೀಳುತ್ತದೆ.

ಲೈಬ್ರರಿಯ ಬಣ್ಣದ ಆಯ್ಕೆಗೆ ಬಳಸಿದ್ದು ಹಳೆಯ ಉಪಾಯ. 'ರೆಡ್, ಗ್ರೀನ್ ಅಥವಾ ಯಾವುದೇ ಸ್ಟ್ರಿಂಗ್' ಅಂದರೆ ಎಲ್ಲವೂ ಬರೀ ಸ್ಟ್ರಿಂಗ್ ಆಗಿ, ಸಜೆಶನ್ ಮಾಯ. ಸ್ಟ್ರಿಂಗ್ ಪಕ್ಕ ಆಂಪರ್ಸೆಂಡ್, ಖಾಲಿ ಕರ್ಲಿ ಬ್ರ್ಯಾಕೆಟ್ ಹಾಕಿದರೆ ಸಜೆಶನ್ ವಾಪಸ್.

ಉಳಿದಿರುವುದು ಒಳಗಿನ ಕೀಗಳು, ಅಂದರೆ 'ಆಥರ್ ಡಾಟ್ ನೇಮ್' ಥರದ್ದು. ಟೈಪ್‌ಸ್ಕ್ರಿಪ್ಟ್ 4.1ರಿಂದ ಇರುವ ಟೆಂಪ್ಲೇಟ್ ಲಿಟರಲ್ ಟೈಪ್ (ಸ್ಟ್ರಿಂಗ್‌ಗಳನ್ನು ಜೋಡಿಸಿ ಮಾಡುವ ಟೈಪ್) ಬಳಸಿದರೆ ಆಗುತ್ತದೆ. ಆದರೆ ಬುಕ್ ಒಳಗೇ ಇನ್ನೊಂದು ಬುಕ್ ಇದ್ದರೆ ಟೈಪ್ ಕೊನೆಯಿಲ್ಲದೆ ಬಿಚ್ಚಿಕೊಳ್ಳುತ್ತಾ ಹೋಗಿ, ಇದು ತುಂಬಾ ಆಳ ಅಂತ ಕಂಪೈಲರ್ ಕೈ ಚೆಲ್ಲುತ್ತದೆ. ಮೂರು ಹಂತಕ್ಕೆ ನಿಲ್ಲಿಸುವ ಮಿತಿಯೊಂದನ್ನು ಬರೆಯುತ್ತಿದ್ದೇನೆ. ಅದಕ್ಕಿಂತ ಆಳದ ಕೀ ಬೇಕಾದವರು ಕಾಲ್‌ಬ್ಯಾಕ್‌ನಲ್ಲೇ ತೆಗೆದುಕೊಳ್ಳಲಿ.