ಗುಜರಾತಿನ ಗುಜರಿ ದಾರಿ

ಭಾವನಗರದಿಂದ ಹಳೇ ಹಡಗು ಒಡೆಯೋ ಊರು ಅಲಂಗ್‌ಗೆ ಐವತ್ತು ಕಿಲೋಮೀಟರ್ ಅಷ್ಟೇ, ಆದ್ರೆ ತ್ರಾಪಜ್ ಹತ್ರ ಹೈವೇ ಬಿಟ್ಟು ಸಮುದ್ರದ ಕಡೆ ತಿರುಗಿದ ಮೇಲೆ ನಮ್ಮ ಗಾಡಿ ಮುಂದಕ್ಕೇ ಹೋಗ್ಲಿಲ್ಲ, ಯಾಕಂದ್ರೆ ಎರಡು ನಿಮಿಷಕ್ಕೊಂದ್ಸಲ ನಾನೇ "ನಿಲ್ಸಿ ಭಾಯ್, ನಿಲ್ಸಿ" ಅಂತಿದ್ದೆ. ರಸ್ತೆ ಎರಡೂ ಕಡೆ ಅಂಗಡಿಗಳು, ಅಂಗಡಿ ಅನ್ನೋದಕ್ಕಿಂತ ಬೇಲಿ ಹಾಕಿದ ಬಯಲು ಅನ್ಬೇಕು, ಅಲ್ಲಿನವ್ರು ಖಾಡಾ ಅಂತಾರೆ. ಒಂದ್ರಲ್ಲಿ ಬರೀ ಹಾಸಿಗೆ. ಇನ್ನೊಂದ್ರಲ್ಲಿ ಬರೀ ಕಮೋಡು, ವಾಶ್‌ಬೇಸಿನ್ನು. ಆಮೇಲೆ ಪ್ಲೈವುಡ್, ಜಿಮ್ ಸಾಮಾನು, ನನ್ನಷ್ಟೇ ಎತ್ತರದ ಸ್ಟೀಲ್ ಓವನ್ನು, ಬಿಸಿಲಲ್ಲಿ ಬಣ್ಣ ಹೋಗ್ತಿರೋ ಕಿತ್ತಳೆ ಲೈಫ್‌ಬೋಟುಗಳು. ಎಲ್ಲಾನೂ ಹಡಗಿಂದ ಕಿತ್ತಿದ್ದು.

ಒಂದು ಖಾಡಾದಲ್ಲಿ ಪಿಂಗಾಣಿ ಬಟ್ಟಲುಗಳ ರಾಶಿ ಇತ್ತು, ತಳದಲ್ಲಿ ಕೊರಿಯನ್ ಅಕ್ಷರ, ಅಂಚಲ್ಲಿ ನೀಲಿ ಲಂಗರಿನ ಚಿತ್ರ. ಆರು ಬೇಕಿತ್ತು, ಒಂದೇ ಥರದ್ದು ಐದೇ ಸಿಕ್ತು. ಅಂಗಡಿಯವ್ರು ಆರನೇದಾಗಿ ಯಾವುದೋ ಗ್ರೀಕ್ ಹಡಗಿನ ಬಟ್ಟಲು ಸೇರಿಸಿ, "ಊಟಕ್ಕೆ ಕೂತಾಗ ಯಾರು ನೋಡ್ತಾರೆ ಸಾಬ್" ಅಂದ್ರು.

ಸಮುದ್ರದ ದಂಡೆಗೆ ಮಾತ್ರ ಸುಮ್ನೆ ಹೋಗೋ ಹಾಗಿಲ್ಲ, ಪರ್ಮಿಷನ್ ಬೇಕು, ಫೋಟೋ ಅಂತೂ ಕೇಳ್ಲೇ ಬೇಡಿ. ಸುಮಾರು ಹತ್ತು ಕಿಲೋಮೀಟರ್ ಉದ್ದಕ್ಕೆ ಹಡಗು ಒಡೆಯೋ ಪ್ಲಾಟುಗಳು, ನೂರೈವತ್ತಕ್ಕೂ ಹೆಚ್ಚಿವೆ, ಆದ್ರೆ ಎಲ್ಲದ್ರಲ್ಲೂ ಕೆಲಸ ನಡೀತಿರಲ್ಲ. ಹಿಂದಿನ ರಸ್ತೇಲಿ ಹೋಗ್ತಾ ಕಾಂಪೌಂಡ್ ಮೇಲಿಂದ ಇಣುಕಿದ್ರೆ ಹಡಗುಗಳ ಮೂತಿ ಕಾಣ್ಸುತ್ತೆ. ಮೂತಿ ಅಂದ್ರೂ ತಪ್ಪೇ, ಅದನ್ನೇ ಮೊದ್ಲು ಕತ್ತರಿಸಿರ್ತಾರೆ. ಎದುರಿನ ಗೋಡೆ ಬಿದ್ದುಹೋದ ಅಪಾರ್ಟ್‌ಮೆಂಟ್ ಥರ ಒಂದೊಂದು ಮಹಡಿ ಕಾಣ್ಸುತ್ತೆ, ಒಂದು ಕ್ಯಾಬಿನ್ನಲ್ಲಿ ಪರದೆ ಇನ್ನೂ ಹಾರಾಡ್ತಿತ್ತು.

"ಹುಣ್ಣಿಮೆಗೆ ಬರ್ಬೇಕಿತ್ತು ನೀವು" ಅಂದ್ರು ಡ್ರೈವರ್ ಭಾಯ್. ಇಲ್ಲಿ ಖಂಭಾತ್ ಕೊಲ್ಲಿ, ಉಬ್ಬರ ಇಳಿತದ ವ್ಯತ್ಯಾಸ ಹತ್ತು ಮೀಟರ್ ಆಸುಪಾಸು, ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ದೊಡ್ಡ ಉಬ್ಬರ ಬಂದಾಗ ಹಡಗನ್ನ ಅದರ ಎಂಜಿನ್ನಲ್ಲೇ ಜೋರಾಗಿ ಓಡಿಸಿ ದಡಕ್ಕೆ ನುಗ್ಗಿಸ್ತಾರೆ, ನೀರು ಇಳಿದ್ಮೇಲೆ ಅದು ಕೆಸರಲ್ಲಿ ಕೂತ್ಬಿಡುತ್ತೆ. ಡಾಕ್ ಕಟ್ಟೋ ಖರ್ಚೇ ಇಲ್ಲ, ಚಂದ್ರ ಬಿಟ್ಟಿಯಾಗಿ ಮಾಡ್ಕೊಡೋ ಕೆಲಸ. 1983ರಲ್ಲಿ ಮೊದಲ ಹಡಗು ಬಂತು. ಅದಕ್ಕೂ ಮುಂಚೆ ಈ ಧಂಧೆಯ ರಾಜಧಾನಿ ತೈವಾನಿನ ಕಾವ್‌ಶಿಯುಂಗ್, ಅಲ್ಲಿ ಕೂಲಿ ಏರ್ತಾ ಹೋಯ್ತು, 1986ರಲ್ಲಿ ದೊಡ್ಡ ಸ್ಫೋಟ ಬೇರೆ ಆಯ್ತು, ಧಂಧೆ ಎದ್ದು ಈ ಕಡೆ ಬಂತು. ಈಗ ಅಲಂಗ್, ಬಾಂಗ್ಲಾದ ಚಟ್ಟಗ್ರಾಮ, ಪಾಕಿಸ್ತಾನದ ಗಡಾನಿ.

ಬರೋಕೆ ಮುಂಚೆ ನಾನೂ ಅಂದ್ಕೊಂಡಿದ್ದು ಶ್ರೀಮಂತ ದೇಶದವ್ರು ಕಸ ತಂದು ಇಲ್ಲಿ ಸುರೀತಾರೆ ಅಂತಾನೇ. ಆದ್ರೆ ಕಸ ಸುರಿಯೋನಿಗೆ ಯಾರಾದ್ರೂ ಡಾಲರಲ್ಲಿ ದುಡ್ಡು ಕೊಡ್ತಾರಾ? ಇಲ್ಲಿ ಪ್ಲಾಟಿನವ್ರು ಹಡಗಿನ ಖಾಲಿ ತೂಕಕ್ಕೆ ಟನ್ನಿಗೆ ಇಷ್ಟು ಅಂತ ಕೊಟ್ಟೇ ತರ್ಸೋದು. ಮಧ್ಯದಲ್ಲಿ ಕ್ಯಾಶ್ ಬಯರ್ ಅನ್ನೋ ದಲ್ಲಾಳಿ ಹಡಗಿನ ಕಂಪನಿಯಿಂದ ಕೊಂಡು, ಕೊನೇ ಪ್ರಯಾಣಕ್ಕೆ ಕೊಮೊರೋಸ್, ಪಲಾವು ಥರದ ಯಾವುದೋ ಪುಟ್ಟ ದ್ವೀಪ ದೇಶದ ಬಾವುಟ ಹಾಕಿಸಿ ಕಳಿಸ್ತಾನೆ, ಯಾಕಂದ್ರೆ ಯುರೋಪಿನ ಬಾವುಟ ಇದ್ರೆ ಅವ್ರು ಒಪ್ಪಿಗೆ ಕೊಟ್ಟ ಪಟ್ಟಿಯಲ್ಲಿರೋ ಯಾರ್ಡಿಗೇ ಹೋಗ್ಬೇಕು. ಬಾವುಟ ಬದಲಾಯ್ತು ಅಂದ್ರೆ ಹಳೇ ಓನರ್‌ಗೆ ಕೈ ತೊಳ್ಕೊಂಡ ಹಾಗೆ. ಸಾಗಾಣಿಕೆ ಬಾಡಿಗೆ ಚೆನ್ನಾಗಿದ್ರೆ ಮುದಿ ಹಡಗನ್ನೂ ಯಾರೂ ಮಾರಲ್ಲ, ಬಿದ್ದಾಗ ಇಲ್ಲಿ ಸಾಲುಗಟ್ಟುತ್ತೆ. ಕೋವಿಡ್ ಟೈಮಲ್ಲಂತೂ ಕ್ರೂಸ್ ಹಡಗುಗಳೇ ಬಂದ್ವು.

ಹಾಗಂತ ಎಲ್ಲಾ ಚೆನ್ನಾಗಿದೆ ಅಂತಲ್ಲ. ಟೀ ಅಂಗಡೀಲಿ ಒಡಿಶಾದ ಗ್ಯಾಸ್ ಕಟ್ಟರ್ ಒಬ್ರು ಸಿಕ್ರು, ಮೊಣಕೈವರೆಗೂ ಕಿಡಿ ಬಿದ್ದ ಚುಕ್ಕೆಗಳು. ಇಲ್ಲಿ ಕೆಲ್ಸ ಮಾಡೋರು ಹೆಚ್ಚಾಗಿ ಒಡಿಶಾ, ಬಿಹಾರ, ಯುಪಿ, ಜಾರ್ಖಂಡ್ ಕಡೆಯವ್ರೇ. ಹಳೇ ಹಡಗಲ್ಲಿ ಆಸ್ಬೆಸ್ಟಾಸ್ ಅನ್ನೋ, ಶ್ವಾಸಕೋಶ ಹಾಳು ಮಾಡೋ ನಾರು ಇರುತ್ತೆ, ಅದಕ್ಕೇ 2006ರಲ್ಲಿ ಫ್ರಾನ್ಸ್ ತನ್ನ ಕ್ಲೆಮಾನ್ಸೋ ಯುದ್ಧನೌಕೆನ ಇಲ್ಲಿಗೆ ಬರ್ತಿದ್ದ ದಾರೀಲೇ ವಾಪಸ್ ಕರೆಸ್ಕೊಂಡು, ಆಮೇಲೆ ಇಂಗ್ಲೆಂಡಲ್ಲಿ ಒಡೆಸಿದ್ದು. ಈಗ ಸುಮಾರು ಯಾರ್ಡುಗಳು ಕಾಂಕ್ರೀಟ್ ನೆಲ ಹಾಕಿಸಿವೆ, ಹಡಗು ಒಡೆಯೋದು ಸುರಕ್ಷಿತವಾಗಿರ್ಲಿ ಅಂತ ಮಾಡಿದ 2009ರ ಹಾಂಗ್‌ಕಾಂಗ್ ಒಪ್ಪಂದ ಹದಿನಾರು ವರ್ಷ ಎಳೆದು 2025ರ ಜೂನಲ್ಲಿ ಜಾರಿಗೂ ಬಂತು. ಆದ್ರೂ ಮೊದಲ ಕಟಿಂಗ್ ಕೆಸರಲ್ಲೇ. ಗೇಟಿನ ಮೇಲೆ ದೊಡ್ಡದಾಗಿ "ಗ್ರೀನ್" ಅಂತ ಬರ್ಸಿರೋದು ನೋಡಿದ್ರೆ ನಂಗೆ ಸ್ವಲ್ಪ ನಗು ಬರುತ್ತೆ.

ವಾಪಸ್ ಬರ್ತಾ ಉದ್ದುದ್ದ ಪ್ಲೇಟು ಹೇರಿದ ಲಾರಿ ಹಿಂದೆ ಸಿಕ್ಕಾಕೊಂಡ್ವಿ. ಹೊರಗಡೆ ಇದ್ದ ಪ್ಲೇಟಲ್ಲಿ ಕೆಂಪು ಬಣ್ಣದ ಮೇಲೆ ಬಿಳೀಲಿ ಬರ್ದಿದ್ದ ಅಂಕಿ, ಹಡಗು ಎಷ್ಟು ಮುಳುಗಿದೆ ಅಂತ ನೋಡೋಕೆ ಪಕ್ಕದಲ್ಲಿ ಬರೀತಾರಲ್ಲ ಅದು, 8 ಪೂರ್ತಿ ಇತ್ತು, ಅದರ ಮೇಲಿಂದು ಅರ್ಧ ಕಟ್ಟಾಗಿತ್ತು. ಲಾರಿ ಸಿಹೋರ್ ಕಡೆ ಹೋಗೋದಂತೆ, ಅಲ್ಲಿ ರೀ-ರೋಲಿಂಗ್ ಮಿಲ್ಲುಗಳಿವೆ, ನಾವೂ ಹಿಂದೇನೇ ಹೋದ್ವಿ. ಒಂದು ಮಿಲ್ಲಲ್ಲಿ ಬಾಗಿಲ ಹತ್ರ ನಿಂತು ನೋಡೋಕೆ ಬಿಟ್ರು. ಈ ಪ್ಲೇಟುಗಳನ್ನ ಕರಗಿಸೋದೇ ಇಲ್ಲ! ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕುಲುಮೇಲಿ ಕೆಂಪಗೆ ಕಾಯ್ಸಿ, ರೋಲರ್ ಮಧ್ಯೆ ಮತ್ತೆ ಮತ್ತೆ ಹಾಯ್ಸಿ ಸಣ್ಣ ಮಾಡ್ತಾರೆ. ಅದಿರಿಂದ ಶುರು ಮಾಡೋದಕ್ಕಿಂತ ಎಷ್ಟೋ ಕಮ್ಮಿ ಇಂಧನ. ಬಣ್ಣ ಸುಟ್ಟ ವಾಸನೆಗೆ ಗಂಟಲು ಕಟ್ತಿತ್ತು. ಇನ್ನೊಂದು ತುದೀಲಿ ಕೆಂಪು ಹಾವಿನ ಥರ ಕಂಬಿ ಹೊರಗೆ ಬಂತು, ಮನೆ ಪಿಲ್ಲರ್‌ಗೆ ಹಾಕ್ತಾರಲ್ಲ, ಅದೇ.

ನಾನು ಹೊರಡೋಣ ಅಂತ ತಿರುಗಿದ್ರೆ ಡ್ರೈವರ್ ಭಾಯ್ ಇಲ್ಲ. ಅವ್ರೂ ಊರಲ್ಲಿ ಮನೆ ಕಟ್ಟಿಸ್ತಿದಾರಂತೆ, ಕಂಬಿ ರೇಟ್ ಕೇಳೋಕೆ ಆಫೀಸೊಳಗೆ ಹೋದವ್ರು ಅರ್ಧ ಗಂಟೆ ಆದ್ರೂ ಬರ್ಲೇ ಇಲ್ಲ.