ಹಾಸನದಿಂದ ದುಬೈಗೆ ಎಷ್ಟ್ ಹೊತ್ತು?

ನಮ್ಮ ಹಾಸನದ ಕಡೆಯೋರು ದುಬೈಗೆ ಹೊರಟ್ರೆ ಮೊದ್ಲು ಕೇಳೋದೇ ಫ್ಲೈಟ್ ಎಷ್ಟ್ ಗಂಟೆ ಅಂತ. ಬೆಂಗಳೂರಿಂದ ನೇರ ದೂರ ಸುಮಾರು 2,700 ಕಿ.ಮೀ., ಹೆಚ್ಚುಕಮ್ಮಿ 4 ಗಂಟೆ. ಟಿಕೆಟಲ್ಲಿ ಬೆಳಿಗ್ಗೆ 10ಕ್ಕೆ ಹೊರಟು 12.30ಕ್ಕೆ ಇಳಿಯುತ್ತೆ ಅಂತಿದ್ರೆ ಎರಡೂವರೆ ಗಂಟೆ ಅನ್ಕೋಬೇಡಿ, ಎರಡೂ ಕಡೆ ಅಲ್ಲಲ್ಲಿನ ಟೈಮ್ ಹಾಕಿರ್ತಾರೆ, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ವಾಪಸ್ ಬರೋವಾಗ ಪಶ್ಚಿಮದ ಗಾಳಿ ಹಿಂದಿಂದ ತಳ್ಳುತ್ತೆ, ಅದ್ರಲ್ಲೂ ಚಳಿಗಾಲದಲ್ಲಿ, ಹಂಗಾಗಿ ಸಾಮಾನ್ಯವಾಗಿ ಸ್ವಲ್ಪ ಬೇಗ.

ಆದ್ರೆ ನಂಗೆ ನಿಜವಾದ ಚಿಂತೆ ದೇವನಹಳ್ಳಿ ತಲುಪೋದು. ಸುಮಾರು 200 ಕಿ.ಮೀ., ಚನ್ನರಾಯಪಟ್ಟಣ, ಕುಣಿಗಲ್ ಎಲ್ಲ ಸರಾಗವಾಗಿ ದಾಟಿ ನೆಲಮಂಗಲದ ಹತ್ರ ಲಾರಿ ಸಾಲಿನ ಹಿಂದೆ ಸಿಕ್ಕಾಕೊಂಡ್ರೆ ಮುಗೀತು ಕಥೆ. ಮಂಗಳೂರಿಂದ್ಲೂ ದುಬೈಗೆ ನೇರ ಫ್ಲೈಟ್ ಇದೆ, ಸಕಲೇಶಪುರದೋರಿಗೆ ಅದೇ ಹತ್ರ, ಮಳೆಗಾಲದಲ್ಲಿ ಶಿರಾಡಿ ಘಾಟ್ ಓಪನ್ ಇದ್ಯಾ ಅಂತ ಮಾತ್ರ ಹಿಂದಿನ ದಿನಾನೇ ವಿಚಾರಿಸ್ಕೊಳ್ಳಿ.